ಬೆಟ್ಟದ ಮೇಲೆ ಎಷ್ಟು ದೂರದವರೆಗೆ ಕೇಳಿಸುತ್ತದೆ?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕನಾಗಿದ್ದು ನಿವೃತ್ತನಾದವನು. ಈಗ ಮೈಸೂರಿನಲ್ಲಿದ್ದೇನೆ, ವಯಸ್ಸು 64. ಮೂವತ್ತು ವರ್ಷಗಳಿಂದ ವಾರಕ್ಕೊಮ್ಮೆಯಾದರೂ ಚಾಮುಂಡಿ ಬೆಟ್ಟವನ್ನು ಮೆಟ್ಟಿಲುಗಳ ಮೂಲಕ ಹತ್ತುತ್ತಿದ್ದೇನೆ. ಮೊದಲು ಕೇಳುತ್ತಿದ್ದ ಹಕ್ಕಿಗಳ ದನಿ ಈಗ ಅಷ್ಟಾಗಿ ಕೇಳುವುದಿಲ್ಲ. ಇದು ನಿಜವೇ, ಅಥವಾ ಹಿಂದಿನದೆಲ್ಲ ಚೆನ್ನಾಗಿತ್ತು ಎಂದುಕೊಳ್ಳುವ ವಯಸ್ಸಿನ ಭ್ರಮೆಯೇ? ಕಳೆದ ತಿಂಗಳು ಕುಂತಿ ಬೆಟ್ಟದಲ್ಲಿ ಕೆಲವು ಯುವಕರು ಸ್ಪೀಕರಿನಲ್ಲಿ ಹಾಡು ಹಾಕಿಕೊಂಡು ಹತ್ತುತ್ತಿದ್ದರು. ನಿಲ್ಲಿಸಿ ಎಂದಾಗ, 'ಬೆಟ್ಟ ಎಲ್ಲರದೂ ಅಲ್ವಾ ಅಂಕಲ್, ಯಾರಿಗೆ ಏನು ತೊಂದರೆ' ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ನಿಜವಾಗಿ ಯಾರಿಗೆ ಏನು ತೊಂದರೆ? ಮೊಮ್ಮಕ್ಕಳೂ ನೆರೆಮನೆಯ ಮಕ್ಕಳೂ ಸೇರಿ ಹನ್ನೆರಡು ಮಂದಿಯನ್ನು ಬೆಟ್ಟದ ದನಿ ಕೇಳಿಸುವುದಕ್ಕೆಂದೇ ಕರೆದೊಯ್ಯಬೇಕೆಂದಿದ್ದೇನೆ. ಎಲ್ಲಿಗೆ, ಯಾವಾಗ, ಹೇಗೆ ಹೋಗಬೇಕು ಎಂಬುದನ್ನೂ ತಿಳಿಸಿ.

ಉತ್ತರ: ಮೇಷ್ಟರೇ, ನಿಮ್ಮ ಮೊದಲ ಪ್ರಶ್ನೆಯೇ ಉಳಿದೆಲ್ಲಕ್ಕಿಂತ ಕಷ್ಟದ್ದು. ಶ್ರವಣ ವಿಜ್ಞಾನವನ್ನು ಬಹುಕಾಲ ಕಲಿಸಿದ, ಬಿಡುವಿನ ದಿನಗಳಲ್ಲಿ ಈ ಸೀಮೆಯ ಬೆಟ್ಟಗಳಲ್ಲಿ ಧ್ವನಿಮುದ್ರಣ ಮಾಡುತ್ತ ಬಂದ ನನ್ನಂಥವನಿಗೆ ಅದನ್ನು ಬದಿಗಿಟ್ಟು ಮುಂದೆ ಹೋಗುವುದು ಸರಿಯೆನಿಸುವುದಿಲ್ಲ. ಹಕ್ಕಿಯ ದನಿ ಕೇಳಿಸುತ್ತಿಲ್ಲ ಎನ್ನುವುದಕ್ಕೆ ಮೂರು ಕಾರಣಗಳಿರಬಹುದು. ಹಕ್ಕಿ ಅಲ್ಲಿ ಇಲ್ಲದಿರಬಹುದು. ಹಕ್ಕಿ ಕೂಗುತ್ತಿದ್ದರೂ ಬೇರೊಂದು ಸದ್ದು ಅದನ್ನು ಮುಚ್ಚಿರಬಹುದು. ಅಥವಾ ಕೇಳುವ ಕಿವಿಯೇ ಬದಲಾಗಿರಬಹುದು. ಮೂರನೆಯದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ. ವಯಸ್ಸಾದಂತೆ ಕಣ್ಣಿಗೆ ಕನ್ನಡಕ ಬೇಕೆಂಬುದನ್ನು ಒಪ್ಪುವಷ್ಟು ಸುಲಭವಾಗಿ ಕಿವಿ ಮಂದವಾಗಿದೆ ಎಂಬುದನ್ನು ಯಾರೂ ಒಪ್ಪುವುದಿಲ್ಲ.

ಮನುಷ್ಯನ ಎಳೆಯ ಕಿವಿಗೆ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ದನಿ ಕೇಳುತ್ತದೆ. ಹರ್ಟ್ಸ್ ಎಂದರೆ ಸೆಕೆಂಡಿಗೆ ಆಗುವ ಕಂಪನಗಳ ಎಣಿಕೆ. ಅದು ಹೆಚ್ಚಿರುವ ಕೀರಲು ದನಿಯನ್ನು ಏರುದನಿ, ಕಡಿಮೆಯಿರುವ ಗಡಸು ದನಿಯನ್ನು ಕೆಳದನಿ ಎನ್ನೋಣ. ವಯಸ್ಸು ಏರಿದಂತೆ ಈ ಹರವು ಮೇಲಿನ ತುದಿಯಿಂದ ಸವೆಯುತ್ತ ಬರುತ್ತದೆ. ಒಳಗಿವಿಯ ಶಂಖದಾಕಾರದ ಕೊಳವೆಯಲ್ಲಿ ಏರುದನಿಗಳನ್ನು ಹಿಡಿಯುವ ಕೂದಲ ಕೋಶಗಳು ಬಾಗಿಲ ಹತ್ತಿರವೇ ಇರುತ್ತವೆ. ಮೊದಲು ಸವೆಯುವುದೂ ಅವೇ, ಸತ್ತ ಮೇಲೆ ಮತ್ತೆ ಹುಟ್ಟದಿರುವುದೂ ಅವೇ. ಆದ್ದರಿಂದ ಅರವತ್ತು ದಾಟಿದವರಿಗೆ ಮನೆಯ ಮಾತು ಸ್ವಚ್ಛವಾಗಿ ಕೇಳುತ್ತಿದ್ದರೂ ಜೀರುಂಡೆಯ ಕೀರಲು, ಸೂರಕ್ಕಿಯ ಸಣ್ಣ ಚಿಲಿಪಿಲಿ, ಬದನಿಕೆ ಹಕ್ಕಿಯ ಚಿಟಿಚಿಟಿ ಇವು ಸದ್ದಿಲ್ಲದೆ ಜಾರಿಹೋಗಿರುತ್ತವೆ.

ಇದಕ್ಕೆ ತದ್ವಿರುದ್ಧವಾಗಿ ವಾಹನಗಳ ಗದ್ದಲ ಮುಚ್ಚುವುದು ಕೆಳದನಿಗಳನ್ನು. ರಸ್ತೆಯ ಸದ್ದಿನ ಬಹುಪಾಲು ಶಕ್ತಿ 2,000 ಹರ್ಟ್ಸ್‌ಗಿಂತ ಕೆಳಗಿರುತ್ತದೆ. ಕೆಂಬೂತದ 'ಊಪ್ ಊಪ್' ಕೂಗು, ಬೆಳವನ ಗುಟುರು, ಗೂಬೆಯ ಹೂಂಕಾರ ಇವೆಲ್ಲ 1,000 ಹರ್ಟ್ಸ್‌ಗೂ ಕೆಳಗಿನವಾದ್ದರಿಂದ ರಸ್ತೆಯ ಮೊರೆತದಲ್ಲಿ ಮೊದಲು ಮುಳುಗುವುದೂ ಇವೇ. ಇಲ್ಲಿಯೇ ನಿಮ್ಮ ಪ್ರಶ್ನೆಗೆ ಒಂದು ಪರೀಕ್ಷೆ ಸಿಗುತ್ತದೆ. ಮುಂದಿನ ಬಾರಿ ಹತ್ತುವಾಗ ಹತ್ತು ಹನ್ನೆರಡು ವರ್ಷದ ಮೊಮ್ಮಗುವೊಂದನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಬ್ಬರೂ ಬೇರೆ ಬೇರೆಯಾಗಿ ಕೇಳಿದ್ದನ್ನೆಲ್ಲ ಬರೆದುಕೊಳ್ಳಿ. ನಿಮಗೆ ಕೆಂಬೂತ, ಬೆಳವ ಚೆನ್ನಾಗಿ ಕೇಳಿ, ಮಗುವಿಗೆ ಕೇಳಿದ ಸೂರಕ್ಕಿ, ಜೀರುಂಡೆಗಳು ನಿಮ್ಮ ಪಟ್ಟಿಯಲ್ಲಿ ಇಲ್ಲವಾದರೆ ಬದಲಾದದ್ದು ಕಿವಿ. ಇಬ್ಬರ ಪಟ್ಟಿಯಲ್ಲಿಯೂ ಕೆಳದನಿಯ ಹಕ್ಕಿಗಳು ಕಾಣದೆ, ಏರುದನಿಯವು ಮಾತ್ರ ಉಳಿದಿದ್ದರೆ ರಸ್ತೆಯನ್ನು ಅನುಮಾನಿಸಿ. ಎರಡೂ ಬಗೆಯವು ಇಬ್ಬರಿಗೂ ಕೇಳದಿದ್ದರೆ ಮಾತ್ರ ಹಕ್ಕಿ ಆ ಜಾಗ ಬಿಟ್ಟಿದೆಯೇ ಎಂದು ಚಿಂತಿಸಬೇಕು. ಕಿವಿಯ ವಿಷಯವಾದರೆ ಅದಕ್ಕೆ ಸಂಕೋಚ ಬೇಡ. ಶ್ರವಣ ಪರೀಕ್ಷೆ ಅರ್ಧ ಗಂಟೆಯ ಕೆಲಸ, ಮತ್ತು ಮಾನಸಗಂಗೋತ್ರಿಯ ಬಳಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇರುವ ಊರಿನಲ್ಲಿ ನೀವಿದ್ದೀರಿ. ನಿಮ್ಮ ಪತ್ರ ಓದಿದಾಗ ನನಗೆ ಅನಿಸಿದ್ದನ್ನು ಹೇಳುವುದಾದರೆ, ಕಿವಿಯೂ ರಸ್ತೆಯೂ ಎರಡೂ ತಮ್ಮ ತಮ್ಮ ಪಾಲನ್ನು ಕಿತ್ತುಕೊಂಡಿರುವ ಸಾಧ್ಯತೆಯೇ ಹೆಚ್ಚು. ಹಾಗೆಂದ ಮಾತ್ರಕ್ಕೆ ನಿಮ್ಮ ದೂರು ಭ್ರಮೆಯಾಗುವುದಿಲ್ಲ.

ಈಗ 'ನಿಶ್ಶಬ್ದ' ಎಂಬ ಪದದ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಈ ವಿಷಯದಲ್ಲಿ ತಪ್ಪು ತಿಳಿವಳಿಕೆ ಹುಟ್ಟುವುದು ಅಲ್ಲಿಂದಲೇ. ನಮ್ಮ ಭಾಷೆಯಲ್ಲಿ ಮೌನ ಮನುಷ್ಯನದು, ನೀರವ ಜಾಗದ್ದು. ಬೆಟ್ಟದಲ್ಲಿ ನಾವು ಮೌನವಾಗಿರಬಹುದು, ಬೆಟ್ಟ ಮಾತ್ರ ಎಂದೂ ನೀರವವಾಗಿರುವುದಿಲ್ಲ, ಇರಲೂಬಾರದು. ಯಾವ ಸದ್ದೂ ಇಲ್ಲದೆ ಬಿಕೋ ಎನ್ನುವ ಜಾಗವನ್ನು ನಮ್ಮ ಹಳ್ಳಿಯವರು ಶುಭವೆಂದು ಎಣಿಸುವುದೇ ಇಲ್ಲ. ಕಾಡಿನ ಧ್ವನಿಗಳನ್ನು ದಶಕಗಳ ಕಾಲ ಮುದ್ರಿಸಿಕೊಂಡ ಅಮೆರಿಕದ ಬರ್ನಿ ಕ್ರೌಸ್ ಅವರು ಒಂದು ಜಾಗದ ಧ್ವನಿ ಪರಿಸರವನ್ನು ಮೂರಾಗಿ ವಿಂಗಡಿಸಿದರು: ಗಾಳಿ, ಮಳೆ, ನೀರು, ಉರುಳುವ ಕಲ್ಲು ಇವುಗಳಿಂದ ಬರುವುದು ಒಂದು, ಜೀವಿಗಳಿಂದ ಬರುವುದು ಇನ್ನೊಂದು, ಮನುಷ್ಯನಿಂದ ಬರುವುದು ಮತ್ತೊಂದು. ದೀರ್ಘಕಾಲ ಕೆಡದೆ ಉಳಿದ ಕಾಡಿನಲ್ಲಿ ಒಂದೊಂದು ಜೀವಿಯೂ ತನ್ನದೇ ಆದ ಶ್ರುತಿ ಮತ್ತು ತನ್ನದೇ ಆದ ಹೊತ್ತನ್ನು ಹಿಡಿದು, ಒಂದರ ದನಿ ಇನ್ನೊಂದರ ಮೇಲೆ ಬೀಳದಂತೆ ಹಂಚಿಕೊಂಡಿರುತ್ತದೆ ಎಂಬುದು ಅವರ ಊಹೆ. ನಸುಕಿನಲ್ಲಿ ಮೇಲುಕೋಟೆಯ ಕುರುಚಲು ಕಾಡಿನ ಅಂಚಿನಲ್ಲಿ ಕೂತವರಿಗೆ ಈ ಮಾತು ಉತ್ಪ್ರೇಕ್ಷೆಯೆನಿಸುವುದಿಲ್ಲ. ನತ್ತಿಂಗ ನಿಲ್ಲಿಸುವ ಹೊತ್ತಿಗೆ ಕಾಜಾಣ ಶುರುಮಾಡುತ್ತದೆ, ಕಾಜಾಣದ ನಡುವೆ ನವಿಲು, ನವಿಲಿನ ಹಿಂದೆ ಗೌಜಲ ಹಕ್ಕಿ, ಬೆಳಕು ಹರಿದ ಮೇಲೆ ಪಿಕಳಾರ ಮತ್ತು ಹರಟೆಮಲ್ಲಗಳ ಗುಂಪು. ಮನುಷ್ಯನ ಗದ್ದಲ ಈ ಹಂಚಿಕೆಗೆ ಸೇರಿದ್ದಲ್ಲ. ಅದಕ್ಕೆ ಹೊತ್ತಿಲ್ಲ, ಶ್ರುತಿಯ ಮಿತಿಯಿಲ್ಲ.

ಹಾಗಾದರೆ ಬೆಟ್ಟದ ದಾರಿಯ ಪ್ರಶಾಂತತೆ ಎಂದರೇನು? ನನ್ನ ಮಟ್ಟಿಗೆ ಅದು ಒಂದು ದೂರ. ನೀವು ಕೂತ ಬಂಡೆಯಿಂದ ಎಷ್ಟು ದೂರದ ಸಣ್ಣ ದನಿ ನಿಮಗೆ ಕೇಳುತ್ತದೆಯೋ ಅಷ್ಟು ದೂರದ ಪ್ರಶಾಂತತೆ ಆ ಜಾಗಕ್ಕಿದೆ. ಹೀಗೆ ನೋಡಿದಾಗ ಅದನ್ನು ಅಳೆಯಬಹುದು, ಕಳೆದುಕೊಂಡದ್ದನ್ನು ಲೆಕ್ಕ ಹಾಕಬಹುದು, ಕುಂತಿ ಬೆಟ್ಟದ ಆ ಯುವಕರಿಗೆ ಉತ್ತರವನ್ನೂ ಕೊಡಬಹುದು.

ಲೆಕ್ಕ ಹೀಗಿದೆ, ವಿಜ್ಞಾನ ಕಲಿಸಿದ ನಿಮಗೆ ಇದು ಹೊಸದಲ್ಲ. ಬಯಲಿನಲ್ಲಿ ಒಂದೇ ಬಿಂದುವಿನಿಂದ ಹೊರಟ ಸದ್ದು, ದೂರ ಎರಡು ಪಟ್ಟಾದಾಗಲೆಲ್ಲ, ಸದ್ದಿನ ಜೋರಿನ ಅಳತೆಯಲ್ಲಿ, 6 ಡೆಸಿಬಲ್‌ನಷ್ಟು ಕುಗ್ಗುತ್ತದೆ. ಬೆನ್ನಿನ ಚೀಲಕ್ಕೆ ಸಿಕ್ಕಿಸಿದ ಸಣ್ಣ ಬ್ಲೂಟೂತ್ ಸ್ಪೀಕರು ಒಂದು ಮೀಟರ್ ದೂರದಲ್ಲಿ 80 ಡೆಸಿಬಲ್ ಸದ್ದು ಮಾಡುತ್ತದೆ ಎಂದಿಟ್ಟುಕೊಳ್ಳೋಣ. ಜೋರಾಗಿ ಹಾಕಿದರೆ ಅದಕ್ಕಿಂತ ಹೆಚ್ಚೂ ಆಗಬಹುದು. 2 ಮೀಟರಿಗೆ 74, 4 ಮೀಟರಿಗೆ 68, 16 ಮೀಟರಿಗೆ 56, 64 ಮೀಟರಿಗೆ 44, 256 ಮೀಟರಿಗೆ 32. ಗಾಳಿಯಿಲ್ಲದ ಮುಂಜಾವಿನಲ್ಲಿ ಬೆಟ್ಟದ ಹಿನ್ನೆಲೆ ಸದ್ದು ಪಿಸುಮಾತಿನ ಮಟ್ಟವಾದ 30 ಡೆಸಿಬಲ್ ಆಸುಪಾಸಿಗೆ ಇಳಿದಿದ್ದರೆ, ಆ ಹಾಡು ಸುತ್ತ 250 ಮೀಟರಿನವರೆಗೂ ತಿಳಿಯುತ್ತಿರುತ್ತದೆ. ಅಷ್ಟು ತ್ರಿಜ್ಯದ ವೃತ್ತದ ವಿಸ್ತೀರ್ಣ ಸುಮಾರು 50 ಎಕರೆ. ಮಂಡ್ಯದ ಕಡೆಯವರಿಗೆ 50 ಎಕರೆ ಎಂದರೆ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ಗಿಡಮರ, ಮಣ್ಣು, ಗಾಳಿಯ ತೇವ ಇವು ಸದ್ದನ್ನು ಇನ್ನಷ್ಟು ಹೀರುವುದರಿಂದ ಕಾಡಿನಲ್ಲಿ ಈ ವೃತ್ತ ಕಿರಿದಾಗುತ್ತದೆ ನಿಜ. ಆದರೆ ಕುಂತಿ ಬೆಟ್ಟದಂಥ ಬೋಳು ಬಂಡೆಯ ಬೆಟ್ಟದಲ್ಲಿ ಹೀರುವುದಕ್ಕೆ ಏನಿದೆ? ಗಟ್ಟಿ ಕಲ್ಲು ಬಿದ್ದ ಸದ್ದನ್ನು ಬಹುಮಟ್ಟಿಗೆ ಹಾಗೆಯೇ ಹಿಂದಕ್ಕೆ ಕಳಿಸುತ್ತದೆ, ಎದುರುಬದುರು ನಿಂತ ಬಂಡೆಗಳ ನಡುವೆ ಅದು ಇನ್ನೂ ಎಳೆದಾಡುತ್ತದೆ.

ಸಣ್ಣ ಸ್ಪೀಕರಿನ ಇನ್ನೊಂದು ಗುಣವನ್ನೂ ಗಮನಿಸಬೇಕು. ಅದರ ಗಾತ್ರಕ್ಕೆ ತಕ್ಕಂತೆ ಅದು ಕೆಳದನಿಯನ್ನು ಅಷ್ಟಾಗಿ ಹೊರಡಿಸಲಾರದು. ಅದರ ಬಲವೆಲ್ಲ ಮಧ್ಯದ ಮತ್ತು ಮೇಲಿನ ದನಿಗಳಲ್ಲಿರುತ್ತದೆ. ಹಕ್ಕಿಗಳ ಹಾಡಿನ ಬಹುಪಾಲು ಇರುವುದೂ 1,000ದಿಂದ 8,000 ಹರ್ಟ್ಸ್ ನಡುವೆಯೇ. ಹೀಗಾಗಿ ರಸ್ತೆ ಒಂದು ಬಗೆಯ ದನಿಗಳನ್ನು ಮುಚ್ಚಿದರೆ, ಸ್ಪೀಕರು ಉಳಿದವನ್ನು ಮುಚ್ಚುತ್ತದೆ.

ಸ್ವಂತ ಅನುಭವವೊಂದನ್ನು ಹೇಳುವುದಕ್ಕೆ ಅಪ್ಪಣೆ ಇರಲಿ. ಕೆಲವು ವರ್ಷಗಳ ಹಿಂದೆ ಕುಂತಿ ಬೆಟ್ಟದ ಬುಡದಲ್ಲಿ ರಾತ್ರಿಯೇ ಹೋಗಿ ಯಂತ್ರವನ್ನಿಟ್ಟು, ನಸುಕಿನಲ್ಲಿ ಎರಡು ಗಂಟೆಗಳ ಕಾಲ ಮುದ್ರಣ ಮಾಡಿದ್ದೆ. ಸೂರ್ಯೋದಯ ನೋಡಲು ಬಂದ ಗುಂಪೊಂದು ಹಾಡು ಹಾಕಿಕೊಂಡು ನನ್ನಿಂದ ಬಹಳ ದೂರದಲ್ಲಿ ಹತ್ತಿಹೋಯಿತು. ಮನೆಗೆ ಬಂದು ಕೇಳಿದಾಗ ಹಾಡು ಇದ್ದಷ್ಟು ಹೊತ್ತು ಹಾಳಾಗಿದ್ದು ಸರಿಯೇ, ಅದನ್ನು ನಿರೀಕ್ಷಿಸಿದ್ದೆ. ನಿರೀಕ್ಷಿಸದೆ ಇದ್ದದ್ದು, ಹಾಡು ನಿಂತ ಮೇಲೂ ಬಹಳ ಹೊತ್ತು ಆ ಬದಿಯ ಗೌಜಲ ಹಕ್ಕಿ ಮತ್ತೆ ಕೂಗಲಿಲ್ಲ ಎಂಬುದು. ಒಂದು ಬೆಳಗಿನ ಒಂದು ಮುದ್ರಣದಿಂದ ಏನನ್ನೂ ಸಾಧಿಸಿ ತೋರಿಸಲಾಗದು ಎಂದು ನನಗೆ ಗೊತ್ತು. ಆದರೆ ಆ ಖಾಲಿ ಭಾಗವನ್ನು ನಾನು ಇನ್ನೂ ಅಳಿಸಿಲ್ಲ.

ಸಾಧಿಸಿ ತೋರಿಸಿದ ಪ್ರಯೋಗ ಬೇರೆ ಇದೆ. ಅಮೆರಿಕದ ಐಡಹೊ ರಾಜ್ಯದಲ್ಲಿ, ಬಾಯ್ಸಿ ನಗರದ ಹತ್ತಿರ, ವಲಸೆ ಹಕ್ಕಿಗಳು ತಂಗುವ ರಸ್ತೆಯೇ ಇಲ್ಲದ ಬೆಟ್ಟದ ಏಣಿನಲ್ಲಿ ಸಂಶೋಧಕರು ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೆ ಸ್ಪೀಕರುಗಳನ್ನು ಸಾಲಾಗಿ ಕಟ್ಟಿ ವಾಹನಗಳ ಸದ್ದನ್ನು ಮಾತ್ರ ನುಡಿಸಿದರು. ಹೊಗೆ ಇಲ್ಲ, ಬೆಳಕಿಲ್ಲ, ಚಲಿಸುವ ಗಾಡಿಯಿಲ್ಲ, ಬರಿಯ ಸದ್ದು. ನಾಲ್ಕು ದಿನ ನುಡಿಸುವುದು, ನಾಲ್ಕು ದಿನ ನಿಲ್ಲಿಸುವುದು. ಸದ್ದಿದ್ದ ದಿನಗಳಲ್ಲಿ ಹಕ್ಕಿಗಳ ಸಂಖ್ಯೆ ಕಾಲುಭಾಗಕ್ಕಿಂತಲೂ ಹೆಚ್ಚು ಕುಸಿಯಿತು ಎಂದು 2013ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ನಂತರ ಬಂದ ಮುಂದಿನ ವರದಿ ಇನ್ನೂ ಮುಖ್ಯವಾದದ್ದು: ಜಾಗ ಬಿಡದೆ ಉಳಿದ ಹಕ್ಕಿಗಳಲ್ಲಿ ಹಲವು ಸರಿಯಾಗಿ ಮೈತುಂಬಿಕೊಳ್ಳಲಿಲ್ಲ. ಬೇಟೆಗಾರ ಪ್ರಾಣಿ ಬರುವ ಸಪ್ಪಳ ಕೇಳದಿರುವಾಗ ಹಕ್ಕಿ ಕಣ್ಣಿನಿಂದಲೇ ಕಾವಲು ಕಾಯಬೇಕಾಗುತ್ತದೆ. ತಲೆ ಎತ್ತಿ ನೋಡುವುದು ಹೆಚ್ಚಿದಷ್ಟು ತಲೆ ತಗ್ಗಿಸಿ ಕಾಳು ಹೆಕ್ಕುವುದು ಕಡಿಮೆಯಾಗುತ್ತದೆ. 'ಯಾರಿಗೆ ಏನು ತೊಂದರೆ' ಎಂಬ ಪ್ರಶ್ನೆಗೆ ನಾನು ಕೊಡುವ ಉತ್ತರ ಇದು. ತೊಂದರೆ ಆಗುವುದು ನೋಡಲು ಎಲ್ಲವೂ ಸರಿಯಾಗಿರುವಂತೆ ಕೊಂಬೆಯ ಮೇಲೆ ಕೂತಿರುವ ಹಕ್ಕಿಗೆ.

ಊರಿನ ಸದ್ದಿಗೆ ಹೊಂದಿಕೊಂಡು ಬದಲಾಗುವ ಹಕ್ಕಿಗಳೂ ಇವೆ. ನೆದರ್‌ಲ್ಯಾಂಡ್ಸಿನ ಲೈಡನ್ ನಗರದಲ್ಲಿ ಗದ್ದಲದ ಬೀದಿಗಳ ಟಿಟ್ ಹಕ್ಕಿಗಳು ಏರುಶ್ರುತಿಯಲ್ಲಿ ಹಾಡುವುದನ್ನು 2003ರಲ್ಲಿ ದಾಖಲಿಸಿದರು. ಹಾಗೆ ಬದಲಾಗಬಲ್ಲವು ಊರಿನ ಅಂಚಿನಲ್ಲಿ ಉಳಿಯುತ್ತವೆ. ಕೆಂಬೂತದಂಥ ಕೆಳದನಿಯ ಹಕ್ಕಿಗೆ ಏರಿಸಿಕೊಳ್ಳುವುದಕ್ಕೆ ಎಷ್ಟು ಅವಕಾಶವಿದೆ ಎಂದು ಯೋಚಿಸಿದಾಗ ನನಗೆ ಕಳವಳವಾಗುತ್ತದೆ.

ಚಾಮುಂಡಿ ಬೆಟ್ಟದ ಮಾತಿಗೆ ಬರುತ್ತೇನೆ. ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ತುಸು ಎತ್ತರದ ಈ ಬೆಟ್ಟ ಊರಿನ ಮೇಲೆ ಸುಮಾರು 300 ಮೀಟರ್ ಎದ್ದು ನಿಂತಿದೆ. ದೊಡ್ಡ ದೇವರಾಜ ಒಡೆಯರ ಕಾಲದ, ಹದಿನೇಳನೆಯ ಶತಮಾನದ ಸಾವಿರ ಮೆಟ್ಟಿಲುಗಳ ದಾರಿ ನೀವು ನಿತ್ಯ ನೋಡುವಂಥದ್ದು. ಎತ್ತರಕ್ಕೆ ಹೋದಷ್ಟೂ ಊರಿನ ಗದ್ದಲ ಕಡಿಮೆಯಾಗಬೇಕು ಎಂದು ಎಲ್ಲರೂ ಎಣಿಸುತ್ತಾರೆ. ಅನೇಕ ವೇಳೆ ಆಗುವುದು ಬೇರೆ. ಕೆಳಗೆ ಮನೆಗಳು, ಗೋಡೆಗಳು, ಮರಗಳು ಸದ್ದಿಗೆ ಅಡ್ಡವಿರುತ್ತವೆ. ಮೇಲೆ ಹೋದಂತೆ ಈ ಅಡ್ಡಿಗಳೆಲ್ಲ ಕೆಳಗುಳಿದು, ಕಣ್ಣಿಗೆ ಕಾಣುವ ರಸ್ತೆಗಳೆಲ್ಲ ಕಿವಿಗೂ ನೇರವಾಗಿ ತೆರೆದುಕೊಳ್ಳುತ್ತವೆ. ಅದೂ ಅಲ್ಲದೆ ಬಿಸಿಲೇರಿದ ಮೇಲೆ ನೆಲದ ಬಳಿಯ ಗಾಳಿ ಬಿಸಿಯಾಗಿ, ಮೇಲಿನ ಗಾಳಿ ತಂಪಾಗಿರುವಾಗ ಸದ್ದಿನ ಅಲೆ ಮೇಲ್ಮುಖವಾಗಿ ಬಾಗುತ್ತದೆ. ಬಯಲಿನಲ್ಲಿ ನಿಂತವನಿಗೆ ದೂರದ ರಸ್ತೆ ಕೇಳದೆಹೋದರೂ ಬೆಟ್ಟದ ಮೇಲಿನವನಿಗೆ ಅದು ತಲುಪುತ್ತದೆ. ರಸ್ತೆಯ ಸದ್ದು ಬಿಂದುವಿನಿಂದಲ್ಲದೆ ಗೆರೆಯುದ್ದಕ್ಕೂ ಹೊರಡುವುದರಿಂದ ದೂರ ಎರಡು ಪಟ್ಟಾದಾಗ ಅದು ಕುಗ್ಗುವುದೂ 3 ಡೆಸಿಬಲ್ ಮಾತ್ರ. ಆದ್ದರಿಂದ ನೀವು ಪ್ರಶಾಂತತೆಯನ್ನು ಶಿಖರದಲ್ಲಿ ಹುಡುಕಬೇಡಿ. ನಗರಕ್ಕೆ ಬೆನ್ನು ಹಾಕಿದ ಇಳಿಜಾರಿನಲ್ಲಿ, ಬಂಡೆಯ ಮರೆಯಲ್ಲಿ, ಒಳಕ್ಕೆ ತಗ್ಗಿದ ಕೊರಕಲಿನ ಹತ್ತಿರ ಹುಡುಕಿ. ಮರೆ ಏರುದನಿಗಳನ್ನು ಚೆನ್ನಾಗಿ ತಡೆಯುತ್ತದೆ. ಲಾರಿಯ ಗುಡುಗು ಮಾತ್ರ ಅಂಚನ್ನು ಬಳಸಿಕೊಂಡು ಸ್ವಲ್ಪ ನುಸುಳುತ್ತದೆ. ನಂದಿಯ ಬಳಿ ವಾಹನದ ರಸ್ತೆ ಮೆಟ್ಟಿಲ ದಾರಿಯನ್ನು ಸಂಧಿಸುವುದರಿಂದ ಅಲ್ಲಿ ಕೇಳಲು ಕೂರುವುದು ವ್ಯರ್ಥ. ಅದಕ್ಕೂ ಬಹಳ ಮೊದಲು, ಕೆಳಗಿನ ಮುನ್ನೂರು ನಾನೂರು ಮೆಟ್ಟಿಲುಗಳ ನಡುವೆ ಎಲ್ಲಾದರೂ ಕೂರುವುದು ಮೇಲು.

ದೇವಸ್ಥಾನದ ಗಂಟೆ, ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತುವ ಹೆಂಗಸರ ದೇವರನಾಮ ಇವುಗಳನ್ನು ಗದ್ದಲದ ಲೆಕ್ಕಕ್ಕೆ ಸೇರಿಸಬೇಕೇ ಎಂದು ನನ್ನನ್ನು ಹಲವರು ಕೇಳಿದ್ದಾರೆ. ಸೇರಿಸಬಾರದು ಎಂಬುದು ನನ್ನ ನಿಲುವು. ಕೆನಡಾದ ಸಂಗೀತಗಾರ ಮರ್ರೆ ಶೇಫರ್ ಅವರು ಧ್ವನಿ ಪರಿಸರವನ್ನು ಒಂದು ಅಧ್ಯಯನದ ವಿಷಯವಾಗಿ ಬೆಳೆಸಿದಾಗ, ಒಂದು ಊರಿನ ಜನ ತಮ್ಮದೆಂದು ಗುರುತಿಸಿಕೊಳ್ಳುವ ದನಿಗಳಿಗೆ ಹೆಗ್ಗುರುತಿನ ಸ್ಥಾನ ಕೊಟ್ಟು, ಅವುಗಳನ್ನು ಕಾಪಾಡಬೇಕೆಂದರು. ಬೆಟ್ಟದ ಗಂಟೆ ಅಂಥದ್ದು. ಅದು ಬಾರಿಸಿ, ಕ್ಷೀಣಿಸಿ, ನಿಲ್ಲುತ್ತದೆ. ನಿಂತ ಮೇಲೆ ಹಕ್ಕಿಗೆ ಜಾಗ ಬಿಡುತ್ತದೆ. ಅದೇ ದೇವರನಾಮವನ್ನು ಧ್ವನಿವರ್ಧಕಕ್ಕೆ ಹಾಕಿ ಬೆಳಗಿನಿಂದ ಸಂಜೆಯವರೆಗೆ ಬಿಟ್ಟರೆ ನನ್ನ ನಿಲುವು ಬದಲಾಗುತ್ತದೆ, ಹಾಡಿನ ವಸ್ತು ಏನೇ ಇದ್ದರೂ.

ಕಾನೂನಿನ ವಿಷಯ ಚಿಕ್ಕದು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್, ನಿಶ್ಶಬ್ದ ವಲಯಕ್ಕೆ ಹಗಲು 50, ರಾತ್ರಿ 40 ಡೆಸಿಬಲ್ ಮಿತಿ ಹಾಕಿವೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ನಿಷಿದ್ಧ. ಆದರೆ ಇವು ಆಸ್ಪತ್ರೆ, ಶಾಲೆ, ನ್ಯಾಯಾಲಯಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಅಂಕಿಗಳು. 30 ಡೆಸಿಬಲ್‌ನ ಮುಂಜಾವಿಗೆ 50 ಡೆಸಿಬಲ್‌ನ ಮಿತಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಚಾಮುಂಡಿ ಬೆಟ್ಟ ಮೀಸಲು ಅರಣ್ಯವಾದ್ದರಿಂದ ಅರಣ್ಯ ಸಿಬ್ಬಂದಿಗೆ ತಿಳಿಸುವುದು ಸಾಧ್ಯ, ತಿಳಿಸಲೂಬೇಕು. ಆದರೂ ನನ್ನ ಭರವಸೆ ಇರುವುದು ಬೇರೆ ಎರಡು ಉದಾಹರಣೆಗಳಲ್ಲಿ.

ಒಂದು ಹತ್ತಿರದ್ದು. ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ಬಿಡದೆ, ಬುಡದಲ್ಲೇ ನಿಲ್ಲಿಸಿ, ಸರ್ಕಾರಿ ಬಸ್ಸಿನಲ್ಲಿ ಮೇಲೆ ಕರೆದೊಯ್ಯುತ್ತಾರೆ. ಅದನ್ನು ಮಾಡಿದ್ದು ವನ್ಯಜೀವಿಗಳ ಹಿತಕ್ಕಾಗಿ. ಆದರೆ ಎರಡು ಬಸ್ಸುಗಳ ನಡುವಿನ ಬಿಡುವಿನಲ್ಲಿ ಅಲ್ಲಿ ಹುಲ್ಲುಗಾವಲಿನ ಮೇಲೆ ಗಾಳಿ ಹಾಯುವ ಸದ್ದನ್ನು ಕೇಳಿದವರಿಗೆ ಅದರ ಇನ್ನೊಂದು ಫಲವೂ ಗೊತ್ತಿದೆ. ಧ್ವನಿತಜ್ಞರು ಜಾಗದ ಗುಣವನ್ನು ಅಳೆಯುವುದೂ ಈ ಬಿಡುವಿನಿಂದಲೇ: ಮನುಷ್ಯನ ಒಂದು ಸದ್ದಿಗೂ ಇನ್ನೊಂದಕ್ಕೂ ನಡುವೆ ಎಷ್ಟು ನಿಮಿಷ ಸಿಗುತ್ತದೆ ಎಂದು.

ಇನ್ನೊಂದು ದೂರದ್ದು. ಕ್ಯಾಲಿಫೋರ್ನಿಯಾದ ಮ್ಯೂರ್ ವುಡ್ಸ್ ಎಂಬ ಹಳೆಯ ರೆಡ್‌ವುಡ್ ಕಾಡಿನಲ್ಲಿ ದಾರಿಯ ಒಂದು ಭಾಗಕ್ಕೆ 'ಇಲ್ಲಿ ಮೌನವಾಗಿರಿ' ಎಂಬರ್ಥದ ಫಲಕಗಳನ್ನು ಹಾಕಿ ಅಳೆದು ನೋಡಿದರು. ದಂಡವಿಲ್ಲ, ಕಾವಲಿಲ್ಲ, ಬರಿಯ ಫಲಕ. ಸದ್ದು ಸುಮಾರು 3 ಡೆಸಿಬಲ್ ಇಳಿಯಿತು ಎಂದು 2011ರ ವರದಿ ಹೇಳುತ್ತದೆ. 3 ಅಲ್ಪವೆನಿಸಬಹುದು. ಆದರೆ ಮೇಲಿನ 50 ಎಕರೆಯ ಲೆಕ್ಕಕ್ಕೆ ಮರಳಿ: ಸ್ಪೀಕರಿನ ಸದ್ದು 3 ಡೆಸಿಬಲ್ ಇಳಿದರೆ ಅದು ಆಕ್ರಮಿಸುವ ಜಾಗ 25 ಎಕರೆಗೆ ಇಳಿಯುತ್ತದೆ, 6 ಇಳಿದರೆ ಹನ್ನೆರಡೂವರೆ ಎಕರೆಗೆ. ಹಾಗೆಯೇ ಹಿನ್ನೆಲೆ ಗದ್ದಲ 3 ಡೆಸಿಬಲ್ ತಗ್ಗಿದರೆ ನಿಮಗೆ ಹಕ್ಕಿ ಕೇಳುವ ವಿಸ್ತೀರ್ಣ ಎರಡು ಪಟ್ಟಾಗುತ್ತದೆ. ತೈವಾನಿನ ತಾಯ್‌ಪಿಂಗ್‌ಶಾನ್ ಅರಣ್ಯದಲ್ಲಿ ಸರೋವರವೊಂದರ ಸುತ್ತ ಹೋಗುವ ಕಾಲುದಾರಿಗೆ 2022ರಲ್ಲಿ ಜಗತ್ತಿನ ಮೊದಲ 'ಪ್ರಶಾಂತ ಚಾರಣ ಪಥ' ಎಂಬ ಮನ್ನಣೆ ಸಿಕ್ಕಿತು. ಮೇಲುಕೋಟೆಯ ಸುತ್ತಲಿನ ಯಾವುದಾದರೊಂದು ಕಾಲುದಾರಿಗೆ, ಬೆಳಗಿನ ಎರಡು ಗಂಟೆಗಳ ಮಟ್ಟಿಗಾದರೂ, ಅಂಥದೊಂದು ಫಲಕ ಬೀಳಬೇಕೆಂಬುದು ನನ್ನ ಬಹುದಿನದ ಆಸೆ.

ಮಕ್ಕಳನ್ನು ಕರೆದೊಯ್ಯಲು ನಾನು ಸೂಚಿಸುವುದೂ ಮೇಲುಕೋಟೆಯನ್ನೇ. ಮೈಸೂರಿನಿಂದ ಸುಮಾರು 50 ಕಿಲೋಮೀಟರ್. ಸುತ್ತಲಿನ ಕಾಡು 1974ರಿಂದ ತೋಳಗಳಿಗಾಗಿ ಕಾದಿರಿಸಿದ ವನ್ಯಧಾಮ. ಯೋಗಾನರಸಿಂಹನ ಬೆಟ್ಟದ ಮೆಟ್ಟಿಲುಗಳು ಮಕ್ಕಳ ಕಾಲಿಗೆ ಭಾರವಲ್ಲ. ಜಾತ್ರೆ ಉತ್ಸವದ ದಿನಗಳನ್ನೂ ಭಾನುವಾರವನ್ನೂ ಬಿಡಿ. ಭರಣಿ ಅಥವಾ ಕೃತ್ತಿಕೆ ಮಳೆ ಒಂದೆರಡು ಹದ ಬಿದ್ದ ಮೇಲೆ, ಅಂದರೆ ಮೇ ತಿಂಗಳಿನಲ್ಲಿ, ಹಕ್ಕಿಗಳು ಗೂಡು ಕಟ್ಟುವ ಕಾಲ. ಕಲ್ಯಾಣಿಗಳ ಬಳಿ ಕಪ್ಪೆಗಳೂ ಸೇರಿಕೊಳ್ಳುತ್ತವೆ. ಆಷಾಢ ಹುಟ್ಟಿದ ಮೇಲೆ ಗಾಳಿ ಎದ್ದು, ಎಲೆಗಳ ಮೊರೆತದಲ್ಲಿ ಸಣ್ಣ ದನಿ ಕೇಳುವುದು ಕಷ್ಟ. ಡಿಸೆಂಬರ್ ಜನವರಿಯ ತಣ್ಣನೆಯ ಮುಂಜಾವೂ ಒಳ್ಳೆಯದೇ. ನೆಲದ ಬಳಿ ತಂಪು, ಮೇಲೆ ಬೆಚ್ಚಗಿರುವ ಗಾಳಿ ಸದ್ದನ್ನು ಮತ್ತೆ ನೆಲದ ಕಡೆಗೇ ಬಾಗಿಸುವುದರಿಂದ ಆಗ ದೂರದ ದನಿಯೂ ಹತ್ತಿರವೆನಿಸುತ್ತದೆ, ದೂರದ ಲಾರಿಯ ಹಾರನ್ ಕೂಡ ಹತ್ತಿರವೆನಿಸುತ್ತದೆ ಎಂಬುದನ್ನು ಮರೆಯದಿದ್ದರೆ ಸಾಕು.

ಒಂದು ಎಚ್ಚರಿಕೆಯನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಈ ಬೆಟ್ಟಗಳಲ್ಲಿ ಚಿರತೆಗಳಿವೆ, ಚಾಮುಂಡಿ ಬೆಟ್ಟದಲ್ಲಿಯೂ ಇವೆ. ಕತ್ತಲಲ್ಲಿ ಮಕ್ಕಳೊಡನೆ ಸದ್ದಿಲ್ಲದೆ ನಡೆಯುವುದು ಬೇಡ. ಚೆನ್ನಾಗಿ ಬೆಳಕು ಹರಿದ ಮೇಲೆ, ತೆರೆದ ದಾರಿಯಲ್ಲಿ, ಮಾತನಾಡಿಕೊಂಡೇ ಹೋಗಿ. ಕೂರುವ ಜಾಗ ತಲುಪಿದ ಮೇಲೆ ಮಾತು ನಿಲ್ಲಿಸಿ. ಆನೆಗಳಿರುವ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಡೆಗಾದರೆ ಅರಣ್ಯ ಇಲಾಖೆಯವರಿಲ್ಲದೆ ಕಾಲ್ನಡಿಗೆಯ ಯೋಚನೆಯೇ ಬೇಡ.

ಹನ್ನೆರಡು ಮಕ್ಕಳನ್ನು ಒಟ್ಟಿಗೆ ಕೂರಿಸಿದರೆ ಒಬ್ಬನ ನಗು ಎಲ್ಲರಿಗೂ ಹಬ್ಬುತ್ತದೆ. ಮೂವರು ಮೂವರಂತೆ, ನಿಮ್ಮ ಕಣ್ಣಳತೆಯಲ್ಲೇ, ಹತ್ತು ಹೆಜ್ಜೆ ಅಂತರದಲ್ಲಿ ಕೂರಿಸಿ. ಜೊತೆಗೆ ಇನ್ನಿಬ್ಬರು ಹಿರಿಯರಿರಲಿ. ನಡೆಯುವಾಗ ನಮ್ಮದೇ ಹೆಜ್ಜೆಯ ಸಪ್ಪಳ, ಚೀಲದ ಉಜ್ಜಾಟ, ನೀರಿನ ಬಾಟಲಿಯ ಕುಲುಕಾಟ ಇವು ಎಲ್ಲವನ್ನೂ ಮುಚ್ಚುವುದರಿಂದ ನಡೆಯುತ್ತ ಕೇಳುವುದು ಆಗದ ಮಾತು. ಕೂತ ಮೇಲಿನ ಮೊದಲ ಐದು ನಿಮಿಷ ಏನೂ ಕೇಳುವುದಿಲ್ಲ ಎಂದು ಮಕ್ಕಳು ದೂರುತ್ತಾರೆ. ನಮ್ಮ ಬರವಿನಿಂದ ಸುಮ್ಮನಾದ ಹಕ್ಕಿಗಳು ಮತ್ತೆ ಶುರುಮಾಡಲು ಅಷ್ಟು ಹೊತ್ತು ಬೇಕು. ಹದಿನೈದು ನಿಮಿಷ ಕೂರಿಸಿ, ಅದಕ್ಕಿಂತ ಹೆಚ್ಚು ಬೇಡ. ಫೋನಿನಲ್ಲಿ ಡೆಸಿಬಲ್ ತೋರಿಸುವ ಆ್ಯಪ್‌ಗಳಿವೆ. ಅವುಗಳ ಅಂಕಿಯನ್ನು ನಂಬಬೇಡಿ, ಆದರೆ ಒಂದೇ ಫೋನನ್ನು ಒಂದೇ ರೀತಿ ಹಿಡಿದು ಎರಡು ಜಾಗಗಳನ್ನು ಹೋಲಿಸುವುದಕ್ಕೆ ಅವು ಸಾಕು.

ಪ್ರತಿ ಮಗುವಿನ ಕೈಯಲ್ಲಿ ನೋಟ್‌ಬುಕ್ಕಿನ ಒಂದು ಹಾಳೆ ಇರಲಿ. ನಡುವೆ ಒಂದು ಚುಕ್ಕೆ, ಅದು ಮಗು. ಕೇಳಿದ ಪ್ರತಿ ದನಿಗೂ ಅದು ಬಂದ ದಿಕ್ಕಿನಲ್ಲಿ, ಹತ್ತಿರವೆನಿಸಿದರೆ ಹತ್ತಿರ, ದೂರವೆನಿಸಿದರೆ ದೂರ ಒಂದು ಗುರುತು. ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೆ ದನಿಯನ್ನೇ ಅಕ್ಷರದಲ್ಲಿ ಬರೆಯಲಿ: ಟಿಟ್ಟಿಭ, ಕುಟ್ರ ಹಕ್ಕಿ, ಕಾಗೆ ಇವುಗಳಿಗೆಲ್ಲ ನಮ್ಮ ಹಿರಿಯರು ಹೆಸರಿಟ್ಟದ್ದು ಹಾಗೆಯೇ. ಕೊನೆಗೆ ಎಲ್ಲಕ್ಕಿಂತ ದೂರದ ದನಿ ಯಾವುದೆಂದು ಕೇಳಿ, ಅದಕ್ಕೆ ಸುತ್ತು ಹಾಕಿಸಿ. ಹಿಂದಿರುಗುವಾಗ ಅದೇ ಹಾಳೆಯ ಹಿಂಬದಿಯಲ್ಲಿ, ಊರಿನ ಬಸ್ ನಿಲ್ದಾಣದ ಹತ್ತಿರ ಹದಿನೈದು ನಿಮಿಷ ಕೂರಿಸಿ ಇನ್ನೊಂದು ಚಿತ್ರ ಬರೆಸಿ. ಎರಡು ಬದಿಗಳಲ್ಲಿ ಅತಿ ದೂರದ ಗುರುತುಗಳು ಎಲ್ಲೆಲ್ಲಿ ಬಿದ್ದಿವೆ ಎಂಬುದನ್ನು ಅವರೇ ನೋಡಲಿ. ಆ ಹಾಳೆಗಳನ್ನು ನೀವು ಜೋಪಾನವಾಗಿ ತೆಗೆದಿಡಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಬಂಡೆಯ ಮೇಲೆ ಅದೇ ಮಕ್ಕಳನ್ನು ಕೂರಿಸುವಾಗ ಅವು ಬೇಕಾಗುತ್ತವೆ.